ನಾನು ಹಿಡಿದ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ,
ನಾನು ಹಿಡಿದ ಮೊಲಕ್ಕೆ ನಾಲ್ಕೂ ಇದ್ದವು.
ಕಣ್ಣು ಮಾತ್ರ ಒಂದು.
ಇನ್ನೊಂದು ಕಂಪನಿಯದು.

ಹನ್ನೊಂದು ವರ್ಷ, ಹೊಸೂರಿನ ಸಿಪ್ಕಾಟ್ ಹಿಂದಿನ ಶೆಡ್ಡಿನಲ್ಲಿ
ಕಿವಿಗೆ ನಂಬರು ಹೊಡೆದ ಬಿಳಿ ಮೊಲಗಳನ್ನು
ಕಂಕುಳಲ್ಲಿ ಒತ್ತಿ ಹಿಡಿದೆ,
ಕೂಸಿಗೆ ಹರಳೆಣ್ಣೆ ಕುಡಿಸುವವರ ಹಾಗೆ.
ಎಡಗಣ್ಣಿನ ರೆಪ್ಪೆ ಬಿಡಿಸಿದರೆ
ಡಾಕ್ಟರು ಒಂದು ತೊಟ್ಟು ಬಿಡುವರು,
ನಾಳೆ ಯಾರದೋ ಬದನೆ ತೋಟಕ್ಕೆ ಹೋಗುವ ಔಷಧಿ.
ನಮ್ಮ ಕಡೆ ವಿಷಕ್ಕೂ ಔಷಧಿ ಅಂತಲೇ ಹೆಸರು.
ಬಲಗಣ್ಣು ಹಾಗೇ, ಹೋಲಿಸಿ ನೋಡಲಿಕ್ಕೆ.
ಮೊಲಕ್ಕೆ ಕಣ್ಣೀರು ಕಡಿಮೆ.
ಅದಕ್ಕೇ ಅದನ್ನು ಆರಿಸಿದ್ದಂತೆ.

ಒಂದು ಗಂಟೆಗೆ, ಒಂದು ದಿನಕ್ಕೆ, ಮೂರು ದಿನಕ್ಕೆ
ಟಾರ್ಚು ಹಿಡಿದು ಅಂಕ ಕೊಡಬೇಕು:
ಕೆಂಪಿಗೆ ಮೂರರೊಳಗೆ, ಊತಕ್ಕೆ ನಾಲ್ಕರೊಳಗೆ,
ಪಾಪೆಗೆ ಮಂಜು ಕವಿದರೆ ಬೇರೆ ಕಾಲಂ.
ಎಂಟನೇ ಕ್ಲಾಸಿಗೇ ಬಿಟ್ಟವನು ಮೇಷ್ಟ್ರಾದದ್ದು ಅಲ್ಲಿ.
ನನ್ನ ಶಾಲೆಯಲ್ಲಿ ಜಾಸ್ತಿ ಅಂಕ ಬಂದವರೇ ಫೇಲು.

ಆಮೇಲೆ ಒಂದು ಬೇಸಗೆ
ಪಂಜರಗಳನ್ನು ತೊಳೆದು ಗುಜರಿಗೆ ಹಾಕಿದರು.
ವಾನತಿ ಮೇಡಂ ಬಂದರು. ಬದಲಿ ವಿಧಾನ, ಅಂದರು.

ಈಗ ನಸುಕಿಗೆ ಮೊಪೆಡ್ಡು ಹತ್ತಿ ಕಸಾಯಿಖಾನೆಗೆ ಹೋಗುತ್ತೇನೆ.
ಪ್ಯಾರೇಜಾನ್ ಎಮ್ಮೆಗಳ ಕಣ್ಣು ಕಿತ್ತು
ಉಪ್ಪುನೀರಿನ ಡಬ್ಬಿಗೆ ಹಾಕಿ ಕೊಡುತ್ತಾನೆ,
ಹೇಗಿದ್ದರೂ ಬಿಸಾಡುವಂಥದ್ದು.
ಐಸುಪೆಟ್ಟಿಗೆಯಲ್ಲಿ ಇಪ್ಪತ್ತು ಕಣ್ಣು.
ಬಾಗಲೂರು ರಸ್ತೆಯ ಹಂಪಿನಲ್ಲಿ ಎಲ್ಲವೂ ಒಮ್ಮೆ ಹೊರಳುತ್ತವೆ
ನನ್ನ ಬೆನ್ನ ಹಿಂದೆ ಯಾರನ್ನೋ ಕಂಡ ಹಾಗೆ.

ಎಷ್ಟು ಮಬ್ಬಾಯಿತೆಂದು ಬೆಳಕು ಹಾಯಿಸಿ ಯಂತ್ರವೇ ಹೇಳುತ್ತದೆ.
ಪಕ್ಕದ ಕೋಣೆಯ ಬಟ್ಟಲಲ್ಲಿ ಚರ್ಮ ಬೆಳೆಯುತ್ತಿದೆ,
ಯಾರದೋ ಆಪರೇಷನ್ನಿನಲ್ಲಿ ಉಳಿದ ಚೂರಿನಿಂದ,
ಹಾಲಿನ ಕೆನೆಯಷ್ಟು ತೆಳುವಾಗಿ.
ಕಂಪ್ಯೂಟರು ಹಳೇ ವಿಷಗಳ ಜಾತಕ ಮುಂದಿಟ್ಟುಕೊಂಡು
ಹೊಸದರ ಗುಣ ಹೇಳುತ್ತದೆ.
ನೋಯುವವರು ಯಾರೂ ಇಲ್ಲ.
ನನಗೆ ನಿದ್ದೆ ಬರತೊಡಗಿತ್ತು.

ಚೂಡಮ್ಮನ ಕೆಲಸ ಬೇರಿಗೆಯ ರೋಜಾ ಪಾಲಿಹೌಸಿನಲ್ಲಿ.
ಫೆಬ್ರವರಿ ಹದಿನಾಲ್ಕರ ಮೊದಲ ಮೂರು ವಾರ
ಅಲ್ಲಿ ರಾತ್ರಿ ಅನ್ನುವುದಿಲ್ಲ.
ಔಷಧಿ ಹೊಡೆದ ಗಂಟೆಗೇ ಒಳಗೆ ಹೋಗಿ ಮೊಗ್ಗು ಕೊಯ್ಯಬೇಕು
ಪ್ಲಾಸ್ಟಿಕ್ ಆಕಾಶದ ಕೆಳಗೆ.

ಮೊನ್ನೆ ಬಂದವಳು ಗೋಡೆಗೆ ಒರಗಿ ಕೂತಳು,
ಎಡಗಣ್ಣು ಮುಚ್ಚಿ.
ಕರೆಂಟಿರಲಿಲ್ಲ. ಟಾರ್ಚು ಹಿಡಿದೆ, ರೆಪ್ಪೆ ಬಿಡಿಸಿದೆ.
ಬೆರಳುಗಳು ಮರೆತಿರಲಿಲ್ಲ.
ಬಲಗಣ್ಣು ಹಾಗೇ ಇತ್ತು.
ಕೆಂಪು ಎರಡು, ಊತ ಒಂದು,
ಬಾಯಿಂದ ಬಂದೇಬಿಟ್ಟಿತು.
ಮೊಗ್ಗಿನ ಲೆಕ್ಕ ಅಂದುಕೊಂಡಳೇನೋ,
"ಎಂಟುನೂರು ಕೊಯ್ದೆ" ಅಂದಳು.

ಬಾಟಲಿಗೆ ಅಂಟಿಸಿದ್ದ ಚೀಟಿ ಕಿತ್ತು ತಂದಿದ್ದಳು.
ಹತ್ತು ಮಡಿಕೆ, ಹತ್ತು ಭಾಷೆ,
ಏಳನೆಯದು ನಮ್ಮದು, ಇರುವೆ ಸಾಲು.
ತಳಿಯ ಕನ್ನಡ ಶಾಲೆಗೆ ಹೋಗುವ ಮಗಳು ಬೆರಳಿಟ್ಟು ಓದಿದಳು:
ಸಿಂಪಡಿಸುವಾಗ ಕನ್ನಡಕ ಧರಿಸಿ.
ಒಂದು ದಿನ ಕಳೆಯದೆ ಒಳಗೆ ಹೋಗಬೇಡಿ.
ಮೊಲವೋ ಎಮ್ಮೆಯೋ, ಯಾರ ಕಣ್ಣು ಕೊಟ್ಟ ಉತ್ತರವೋ,
ಉತ್ತರ ಸರಿಯಾಗೇ ಇತ್ತು.
ಕನ್ನಡದಲ್ಲಿ ಕನ್ನಡಕ ಇತ್ತು,
ಪಾಲಿಹೌಸಿನಲ್ಲಿ ಇರಲಿಲ್ಲ.

ಮೇಸ್ತ್ರಿಯ ಫೋನು ಬಂತು:
ಬರಲಾಗದಿದ್ದರೆ ಬದಲಿ ಕಳಿಸಿ.
ಅದೇ ಮಾತು.
ಪಕ್ಕದ ಮನೆ ಮುನಿರತ್ನ ಹೋದಳು,
ಅವಳವು ಎರಡೂ ಚೆನ್ನಾಗಿವೆ.

ಬೆಳಿಗ್ಗೆ ವಾನತಿ ಮೇಡಂಗೆ ಹೇಳಿದೆ.
ಯಾವ ಔಷಧಿ, ಎಷ್ಟು ಹೊತ್ತಾಗಿತ್ತು, ಎಲ್ಲ ಕೇಳಿ
ರಿಜಿಸ್ಟರು ತೆರೆದು ಪೆನ್ನು ಎತ್ತಿದರು.
ಯಾವ ಕಾಲಂ ಎಂದು ತಿಳಿಯದೆ
ಹಾಗೇ ಹಿಡಿದುಕೊಂಡಿದ್ದರು.

ಸಂಜೆ ಲ್ಯಾಬಿನ ಎರಡು ಕನ್ನಡಕ
ಟಿಫಿನ್ ಚೀಲಕ್ಕೆ ಹಾಕಿಕೊಂಡು ಹೊರಟೆ.
ವಾಚ್‌ಮನ್ ಚೀಲ ನೋಡಲಿಲ್ಲ.
ಮೂರನೇ ದಿನದ ಅಂಕ
ಇನ್ನೂ ಕೊಡುವುದಿದೆ.